ಜಾನ್ ಆಡಮ್ಸ್, ಸ್ಯಾಮ್ಯುಯೆಲ್ ಆಡಮ್ಸ್ ಅಣ್ಣತಮ್ಮಂದಿರಾ?

ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್, ಬಾಸ್ಟನ್ನಿನ ಹೋರಾಟಗಾರ ಸ್ಯಾಮ್ಯುಯೆಲ್ ಆಡಮ್ಸ್ ಅಣ್ಣತಮ್ಮಂದಿರಾ, ಜಾನ್ ಮಗ ಜಾನ್ ಕ್ವಿನ್ಸಿ ಆಡಮ್ಸ್ ಹೆಸರಲ್ಲಿ ಕ್ವಿನ್ಸಿ ಎಲ್ಲಿಂದ ಬಂತು ಅಂತ ಕೇಳಿದ್ದೀರಿ.

ಒಡಹುಟ್ಟಿದವರಲ್ಲ. ಆದರೆ ನಮ್ಮ ಲೆಕ್ಕದಲ್ಲಿ ಅಣ್ಣತಮ್ಮಂದಿರೇ. ಇಂಗ್ಲಿಷಿನಲ್ಲಿ ಸೆಕೆಂಡ್ ಕಸಿನ್ ಅಂತಾರೆ. ಆ ಪದದಿಂದ ಅಪ್ಪನ ಕಡೆಯೋ ಅಮ್ಮನ ಕಡೆಯೋ, ಯಾರು ದೊಡ್ಡವರು, ಯಾವುದೂ ತಿಳಿಯಲ್ಲ. ನಾನು ನೋಟ್‌ಬುಕ್ಕಿನಲ್ಲಿ ವಂಶವೃಕ್ಷ ಬರೆದು, ಪ್ರತಿ ಹೆಸರಿನ ಪಕ್ಕ ಹುಟ್ಟಿದ ವರ್ಷ ಹಾಕಿಕೊಂಡ ಮೇಲೇ ಎಲ್ಲ ಬಿಡಿಸಿಕೊಂಡಿದ್ದು. ನೀವೂ ಹಾಗೇ ಮಾಡಿ, ಈ ಮನೆಯಲ್ಲಿ ಜಾನ್, ಜೋಸೆಫ್, ಸ್ಯಾಮ್ಯುಯೆಲ್ ಹೆಸರುಗಳೇ ತಿರುಗಿ ತಿರುಗಿ ಬರುತ್ತವೆ.

ಮೂಲಪುರುಷ ಹೆನ್ರಿ ಆಡಮ್ಸ್. 1638ರ ಸುಮಾರಿಗೆ ಇಂಗ್ಲೆಂಡ್ ಬಿಟ್ಟು ಸಂಸಾರ ಸಮೇತ ಮ್ಯಾಸಚೂಸೆಟ್ಸ್‌ಗೆ ಬಂದವನು. ಅವನ ಮಗ ಜೋಸೆಫ್ ಬ್ರೈನ್‌ಟ್ರೀ ಊರಲ್ಲೇ ನೆಲೆನಿಂತ. ಬಾರ್ಲಿಗೆ ಮೊಳಕೆ ಬರಿಸಿ, ಒಣಗಿಸಿ, ಬಿಯರಿಗೆ ಬೇಕಾದ ಮಾಲ್ಟ್ ಮಾಡುವುದು ಅವನ ಕಸುಬು. ಈ ಜೋಸೆಫನೇ ಇಬ್ಬರಿಗೂ ಮುತ್ತಜ್ಜ.

ಅವನ ಗಂಡುಮಕ್ಕಳಲ್ಲಿ ಇಬ್ಬರನ್ನು ಹಿಡಿದುಕೊಳ್ಳಿ. ಒಬ್ಬ ಅಪ್ಪನ ಹೆಸರಿನವನೇ, 1654ರಲ್ಲಿ ಹುಟ್ಟಿದ ಜೋಸೆಫ್. ಇನ್ನೊಬ್ಬ ಜಾನ್, ಬಾಸ್ಟನ್ ಸೇರಿದವನು. ಈ ಜಾನ್ ಮಗ 1689ರ ಸ್ಯಾಮ್ಯುಯೆಲ್, ಅವನ ಮಗನೇ ನೀವು ಕೇಳಿದ ಸ್ಯಾಮ್ಯುಯೆಲ್, ಹುಟ್ಟಿದ್ದು 1722ರಲ್ಲಿ. ಅತ್ತ ಜೋಸೆಫನ ಮಗ 1691ರ ಜಾನ್, ಹೊಲ ನೋಡಿಕೊಂಡು ಶೂ ಹೊಲಿಯುತ್ತಿದ್ದವನು. ಅವನ ಮಗ 1735ರ ಜಾನ್, ಅಂದರೆ ಅಧ್ಯಕ್ಷ.

ಅಂದರೆ ಅಜ್ಜಂದಿರು ಒಡಹುಟ್ಟಿದವರು. ಸ್ಯಾಮ್ಯುಯೆಲ್‌ನ ಅಪ್ಪ ಜಾನ್‌ಗೆ ದೊಡ್ಡಪ್ಪ ಆಗಬೇಕು. ಸ್ಯಾಮ್ಯುಯೆಲ್ 13 ವರ್ಷ ದೊಡ್ಡವನು, ದಾಯಾದಿ ಅಣ್ಣ. ಆಗ ಹೆಚ್ಚು ಹೆಸರು ಮಾಡಿದ್ದವನೂ ಅವನೇ. 1778ರಲ್ಲಿ ಜಾನ್ ಫ್ರಾನ್ಸಿಗೆ ಹೋದಾಗ ಅಲ್ಲಿಯವರು, ಆ ಪ್ರಸಿದ್ಧ ಆಡಮ್ಸ್ ನೀವೇನಾ ಅಂತ ಕೇಳುತ್ತಿದ್ದರು. ಅಲ್ಲ, ನಾನು ಬೇರೆ ಆಡಮ್ಸ್ ಅಂತ ಹೇಳಿ ಹೇಳಿ ಸಾಕಾಯಿತು ಅನ್ನುವುದು ಅವನ ಡೈರಿ ಓದಿದರೆ ಗೊತ್ತಾಗುತ್ತದೆ.

ಹುಡುಕುವಾಗ ಒಂದು ವಿಷಯಕ್ಕೆ ಹುಷಾರಾಗಿರಿ. ವಯಸ್ಸಾದ ಮೇಲೆ ಜಾನ್ ತನ್ನ ಊರಿನ ಸ್ಮಶಾನದಲ್ಲಿ ಹೆನ್ರಿಯ ನೆನಪಿಗೆ ಕಲ್ಲು ನಿಲ್ಲಿಸಿ, ಹೆನ್ರಿ ಡೆವನ್‌ಶೈರ್‌ನಿಂದ ಬಂದ ಅಂತ ಕೆತ್ತಿಸಿದ. ಆಮೇಲೆ ಇಂಗ್ಲೆಂಡಿನ ದಾಖಲೆ ಜಾಲಾಡಿದವರಿಗೆ ಸಿಕ್ಕಿದ್ದು ಸಾಮರ್‌ಸೆಟ್‌ನ ಬಾರ್ಟನ್ ಸೇಂಟ್ ಡೇವಿಡ್ ಎಂಬ ಹಳ್ಳಿ. ಸ್ವಂತ ಮರಿಮಗನ ಮಗನೇ ಹಾಕಿಸಿದ ಕಲ್ಲಿನಲ್ಲೂ ಊರು ತಪ್ಪಾಗಿದೆ. ಹಾಗಾಗಿ ಕಲ್ಲಿನ ಮೇಲಿದೆ ಅಂತ ಸುಮ್ನೆ ಒಪ್ಪಬೇಡಿ, ಚರ್ಚಿನ ದೀಕ್ಷಾಸ್ನಾನ, ಮದುವೆ ದಾಖಲೆಗಳನ್ನೂ ನೋಡಿ.

ಇನ್ನು ಕ್ವಿನ್ಸಿ. ಅದು ಬಂದಿದ್ದು ತಾಯಿಯ ಕಡೆಯಿಂದ. ಜಾನ್ ಹೆಂಡತಿ ಅಬಿಗೇಲ್, ಅವಳ ತಾಯಿಯ ತಂದೆಯ ಹೆಸರು ಜಾನ್ ಕ್ವಿನ್ಸಿ. 1767ರ ಜುಲೈ 11ರಂದು ಮಗು ಹುಟ್ಟಿದಾಗ ಆ ಹಿರಿಯ ಕೊನೆಯುಸಿರು ಎಳೆಯುತ್ತಿದ್ದ. ಬಾಣಂತನಕ್ಕೆ ಬಂದಿದ್ದ ಅಬಿಗೇಲ್‌ಳ ತಾಯಿ, ನಮ್ಮಪ್ಪನ ಹೆಸರಿಡಿ ಅಂತ ಕೇಳಿಕೊಂಡಳು. ಮಾರನೇ ದಿನವೇ ಮಗುವಿಗೆ ಆ ಹೆಸರಿಟ್ಟರು. ಅದರ ಮಾರನೇ ದಿನ, 13ಕ್ಕೆ, ಮುತ್ತಜ್ಜ ತೀರಿಕೊಂಡ.