ಕಾರವಾರದಲ್ಲಿ ನಲ್ಲಿ ನೀರು ಮೊದಲು ಕೆಂಪಗೆ ಬರುತ್ತದೆ, ಮಳೆಗಾಲದಲ್ಲಿ ಒಳಚರಂಡಿ ಛೇಂಬರ್ ಉಕ್ಕುತ್ತದೆ: ಇದು ಲೋಕೋಪಯೋಗಿ ಇಲಾಖೆಯ ಕೆಲಸವೇ?

ನೀವು ಕೇಳಿದ್ದು ಮೂರು ವಿಷಯ. ನೀರು ಬಿಟ್ಟಾಗ ಮೊದಲ ಹತ್ತು ನಿಮಿಷ ಕೆಂಪಗೆ, ಕೆಲವು ದಿನ ವಾಸನೆಯೂ ಇರುತ್ತದೆ. ಜೋರು ಮಳೆ ಹಿಡಿದರೆ ಬಚ್ಚಲಿನಿಂದಲೇ ಗಲೀಜು ನೀರು ವಾಪಸ್ ಬರುತ್ತದೆ. ಲೋಕೋಪಯೋಗಿ ಕಚೇರಿಗೆ ಹೋದರೆ ಅಲ್ಲಿಂದ ಸಾಗಹಾಕಿದರು.

ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಊರೊಳಗಿನ ನೀರು ಮತ್ತು ಒಳಚರಂಡಿ ನಗರಸಭೆಯ ಹೊಣೆ. ದೊಡ್ಡ ಯೋಜನೆ ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಟ್ಟಿದ ಮೇಲೆ ಮನೆಮನೆಗೆ ಹಂಚುವುದು, ವಾಲ್ವ್ ತಿರುಗಿಸುವುದು, ಸೋರಿಕೆ ಮುಚ್ಚುವುದು, ಕರ ವಸೂಲಿ, ಎಲ್ಲ ನಗರಸಭೆಯದು. ನಿಮ್ಮ ಮನೆ ಪಂಚಾಯತಿ ಹದ್ದಿನಲ್ಲಿದ್ದರೆ ಗ್ರಾಮ ಪಂಚಾಯತಿಗೆ ಹೋಗಬೇಕು. ಲೋಕೋಪಯೋಗಿ ಇಲಾಖೆ ನಡುವೆ ಬರುವುದು ಅವರ ರಸ್ತೆ ಅಗೆದು ಪೈಪ್ ಹಾಕಬೇಕಾದಾಗ, ಅನುಮತಿಗೆ ಮಾತ್ರ. ಅಲ್ಲಿ ನಿಮ್ಮನ್ನು ಕಳಿಸಿಬಿಟ್ಟದ್ದು ತಪ್ಪಲ್ಲ, ಎಲ್ಲಿಗೆ ಹೋಗಬೇಕೆಂದು ಹೇಳದೆ ಕಳಿಸಿದ್ದು ತಪ್ಪು.

ಈಗ ನೀರು. ಕಾಳಿ ನದಿ ಕಣ್ಣೆದುರೇ ಇದ್ದರೂ ಕಾರವಾರದ ಹತ್ತಿರ ಅದು ಉಬ್ಬರದ ಉಪ್ಪುನೀರು. ಹಾಗಾಗಿ ಊರಿಗೆ ನೀರು ಬರುವುದು ಅಂಕೋಲಾ ತಾಲೂಕಿನ ಗಂಗಾವಳಿಯಿಂದ, ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ ಪೈಪಿನಲ್ಲಿ. ನದಿಯ ಜಾಕ್‌ವೆಲ್‌ನಿಂದ (ನೀರೆತ್ತಲು ನದಿಯಲ್ಲಿ ಕಟ್ಟಿದ ಬಾವಿ) ಎತ್ತಿದ ನೀರಿಗೆ ಆಲಂ, ಅಂದರೆ ಪಟಿಕ, ಹಾಕಿ ಕೆಸರು ಕೂರಿಸುತ್ತಾರೆ, ಮರಳಿನ ಫಿಲ್ಟರಿನಲ್ಲಿ ಸೋಸುತ್ತಾರೆ, ಕ್ಲೋರಿನ್ ಕೊಟ್ಟು ಪಂಪ್ ಮಾಡುತ್ತಾರೆ. ದಾರಿಯಲ್ಲಿ ಒಂದು ಕಡೆ ಪೈಪ್ ಒಡೆದರೆ, ಕರೆಂಟ್ ಹೋದರೆ, ಊರಿನ ಟ್ಯಾಂಕ್ ತುಂಬುವುದಿಲ್ಲ, ನಿಮ್ಮ ಓಣಿಯ ಸರದಿ ಮುಂದೆ ಹೋಗುತ್ತದೆ.

ಆದರೆ ಕೆಂಪು ನೀರಿನ ಮೂಲ ಹೆಚ್ಚಾಗಿ ನದಿಯಲ್ಲಿಲ್ಲ, ನಿಮ್ಮ ಓಣಿಯಲ್ಲೇ ಇದೆ. ದಿನವಿಡೀ ನೀರು ಇರುವ ಪೈಪಿನಲ್ಲಿ ಒತ್ತಡ ಒಳಗಿನಿಂದ ಹೊರಕ್ಕೆ. ಜಾಯಿಂಟ್ ಸಡಿಲವಿದ್ದರೆ ನೀರು ಸೋರಿ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ವಾಲ್ವ್ ಮುಚ್ಚಿ ಪೈಪ್ ಖಾಲಿಯಾಗತೊಡಗಿದಾಗ ಲೆಕ್ಕ ತಿರುಗುತ್ತದೆ. ತಗ್ಗಿನ ಮನೆಗಳು ಉಳಿದ ನೀರು ಇಳಿಸಿಕೊಳ್ಳುತ್ತಿದ್ದಂತೆ ಪೈಪಿನೊಳಗೆ ಹೀರುವಿಕೆ ಹುಟ್ಟುತ್ತದೆ, ಅದೇ ಸಡಿಲ ಜಾಯಿಂಟಿನಿಂದ ಸುತ್ತಲಿನ ನೀರು ಒಳಗೆ ನುಗ್ಗುತ್ತದೆ. ನಲ್ಲಿಗೆ ನೇರವಾಗಿ ಮೋಟರ್ ಹಚ್ಚುವವರಿದ್ದರೆ ಈ ಹೀರುವಿಕೆ ಹತ್ತು ಪಟ್ಟು ಕೆಟ್ಟದ್ದು. ಆ ಮೋಟರ್ ಪಕ್ಕದ ಮನೆಯ ಪಾಲಿನ ನೀರನ್ನಷ್ಟೇ ಎಳೆಯುವುದಿಲ್ಲ, ಗಟಾರದ ನೀರನ್ನೂ ಇಡೀ ಓಣಿಗೆ ಎಳೆದು ತರುತ್ತದೆ. ಇದರಲ್ಲಿ ನೆರೆಹೊರೆ ಎಂದು ಸಂಕೋಚ ಪಡಬೇಡಿ, ನಗರಸಭೆಗೆ ತಿಳಿಸಿ.

ಒಮ್ಮೆ ನಿಮ್ಮ ಪಾಗಾರದ ಹೊರಗೆ ಬಗ್ಗಿ ನೋಡಿ. ರಸ್ತೆಯ ಮುಖ್ಯ ಪೈಪಿಗೆ ಸ್ಯಾಡಲ್ ಎಂಬ ಪಟ್ಟಿ ಕಟ್ಟಿ, ಅದರಲ್ಲಿ ಫೆರುಲ್ ಎಂಬ ಸಣ್ಣ ಜೋಡಣೆ ಕೂರಿಸಿ, ಅಲ್ಲಿಂದ ಅರ್ಧ ಇಂಚಿನ ಪೈಪ್ ನಿಮ್ಮ ಮನೆಗೆ ಬರುತ್ತದೆ. ಅದು ಗಟಾರ ದಾಟುವ ಜಾಗದಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿದ್ದರೆ ಉಪ್ಪುಗಾಳಿ, ಕೊಳಚೆ ಎರಡೂ ಸೇರಿ ತುಕ್ಕು ಹಿಡಿಸಿರುತ್ತವೆ. ಪಿವಿಸಿ ಇದ್ದರೆ ಗಟಾರದ ನಡುವೆಯೇ ಒಂದು ಎಲ್ಬೋ ಅಥವಾ ಕಪ್ಲಿಂಗ್ ಇರುತ್ತದೆ, ಅದರ ಮೇಲೆ ಸೈಕಲ್ ಟ್ಯೂಬ್ ಸುತ್ತಿದ್ದೂ ಕಾಣುತ್ತದೆ. ನಿಮ್ಮ ನೀರಿನ ವಾಸನೆಯ ಮೂಲ ಬಹುಮಟ್ಟಿಗೆ ಅಲ್ಲೇ. ಫೆರುಲ್‌ನಿಂದ ಒಳಗಿನ ಪೈಪ್ ಮನೆಯವರ ಖರ್ಚಿನದು. ಆ ತುಂಡನ್ನು ತೆಗೆಸಿ, ನಡುವೆ ಜಾಯಿಂಟ್ ಇಲ್ಲದ ಒಂದೇ ಉದ್ದದ ಎಚ್‌ಡಿಪಿಇ (ಬಾಗುವ ಗಟ್ಟಿ ಪ್ಲಾಸ್ಟಿಕ್) ಪೈಪ್ ಹಾಕಿಸಿ, ಅದನ್ನು ಇನ್ನೊಂದು ದಪ್ಪ ಪೈಪಿನೊಳಗೆ ತೂರಿಸಿ, ಗಟಾರದ ನೀರಿನ ಮಟ್ಟಕ್ಕಿಂತ ಮೇಲೆ ದಾಟಿಸಿ. ಅರ್ಧ ದಿನದ ಕೆಲಸ.

ಕೆಂಪು ಯಾವುದರದು ಎಂದು ತಿಳಿಯಲು ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಅರ್ಧ ಗಂಟೆ ಇಡಿ. ತಳದಲ್ಲಿ ನುಣುಪಾದ ಕೆಂಪು ಮಣ್ಣು ಕೂತರೆ ಎಲ್ಲೋ ಪೈಪ್ ಒಡೆದು ನಮ್ಮ ಚಿರೆಕಲ್ಲಿನ ಮಣ್ಣು ಒಳಗೆ ಹೋಗುತ್ತಿದೆ. ಕಂದು ಚೂರುಗಳು ಬೇಗ ತಳ ಸೇರಿ ಮೇಲಿನ ನೀರು ತಿಳಿಯಾದರೆ ಹಳೆ ಕಬ್ಬಿಣದ ಪೈಪಿನ ತುಕ್ಕು. ವಾಲ್ವ್‌ಮನ್ ವಾಲ್ವನ್ನು ಒಮ್ಮೆಲೇ ಪೂರ್ತಿ ತೆರೆದರೂ ತಳದ ತುಕ್ಕು ಕದಡಿ ಬರುತ್ತದೆ, ನಿಧಾನ ತಿರುಗಿಸಲು ಹೇಳಿ. ಬೋರ್‌ವೆಲ್ ಅಥವಾ ಬಾವಿಯ ನೀರು ಹಿಡಿದಾಗ ತಿಳಿಯಿದ್ದು ಆಮೇಲೆ ಕೆಂಪಾದರೆ ಅದು ಕರಗಿದ ಕಬ್ಬಿಣ, ನಗರಸಭೆಯ ಪೈಪಿಗೂ ಅದಕ್ಕೂ ಸಂಬಂಧವಿಲ್ಲ. ಕಪ್ಪು ಛಾಯೆ, ವಾಸನೆ ಯಾವುದಿದ್ದರೂ ಆ ದಿನ ಕುಡಿಯಲೇಬೇಡಿ.

ನಲ್ಲಿ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಸಣ್ಣ ಕ್ಲೋರಿನ್ ಕಿಟ್ ಸಿಗುತ್ತದೆ, ಹನಿ ಹಾಕಿದರೆ ಬಣ್ಣ ತಿರುಗುತ್ತದೆ, ಪಟ್ಟಿಗೆ ಹೋಲಿಸಿ ನೋಡಬಹುದು. ಬಣ್ಣವೇ ಬಾರದಿದ್ದರೆ ಟ್ಯಾಂಕಿನಲ್ಲಿ ಕ್ಲೋರಿನ್ ಕಡಿಮೆ ಬಿದ್ದಿದೆ, ಇಲ್ಲವೇ ದಾರಿಯಲ್ಲಿ ಹೊಲಸು ಸೇರಿ ಅದನ್ನು ತಿಂದಿದೆ. ಕರಾವಳಿಯಲ್ಲಿ ಇನ್ನೊಂದು ತೊಂದರೆ ಇದೆ. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ನೂರಕ್ಕೆ 30ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿದ ಚೀಲ ಆಷಾಢದ ತೇವದಲ್ಲಿ ಕೆಲವೇ ವಾರದಲ್ಲಿ ಗಟ್ಟಿಯಾಗಿ ಸತ್ವ ಕಳೆದುಕೊಳ್ಳುತ್ತದೆ. ಅಳತೆ ಸರಿ ಹಾಕಿದರೂ ಕೆಲಸ ಆಗುವುದಿಲ್ಲ.

ಮನೆಯ ಬಾವಿಗೂ ಇದೇ ಪೌಡರ್. 1000 ಲೀಟರಿಗೆ 2.5 ಗ್ರಾಂ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ ಸಾಕು. ಬಕೆಟಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ತಳದ ಸುಣ್ಣ ಬಿಟ್ಟು ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಸಿದು ಬಾವಿಗಿಳಿಸಿ, ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಯಾರೂ ಸೇದಬಾರದು. ಸಂಜೆ ಮಾಡಿ ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು.

ಇನ್ನು ಬಚ್ಚಲಿನಿಂದ ಉಕ್ಕುವುದು. ಒಳಚರಂಡಿ ಪೈಪನ್ನು ಮನೆಯ ಕೊಳಚೆಗಾಗಿ ಲೆಕ್ಕ ಹಾಕಿ ಹಾಕಿರುತ್ತಾರೆ, ಮಳೆ ನೀರಿಗಾಗಿ ಅಲ್ಲ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗುತ್ತದೆ ಎಂದು ಹಿಡಿದರೆ ನಾಲ್ಕು ಜನರ ಮನೆಯಿಂದ ಸುಮಾರು 430 ಲೀಟರ್. ಈಗ 100 ಚದರ ಮೀಟರ್ ತಾರಸಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದಿತೆನ್ನಿ. ನಮ್ಮ ಜೂನ್-ಜುಲೈಗೆ ಅದು ಅಪರೂಪದ ಮಳೆಯೇನಲ್ಲ. 10,000 ಲೀಟರ್! ಒಬ್ಬರು ತಾರಸಿಯ ಪೈಪನ್ನು ಛೇಂಬರಿಗೆ ಬಿಟ್ಟರೆ ಇಪ್ಪತ್ತಮೂರು ಮನೆಗಳ ಇಡೀ ದಿನದ ಕೊಳಚೆ ಹೆಚ್ಚುವರಿಯಾಗಿ ಸೇರಿದಂತೆ. ಅದರ ಮೇಲೆ ಅಂಗಳದಲ್ಲಿ ನೀರು ನಿಂತಿತೆಂದು ಮ್ಯಾನ್‌ಹೋಲ್ ಮುಚ್ಚಳ ಎತ್ತಿಡುವವರಿದ್ದಾರೆ. ಸಮುದ್ರದಲ್ಲಿ ಉಬ್ಬರವಿದ್ದಾಗ ಗಟಾರದ ನೀರೂ ಹೊರಗೆ ಹರಿಯದೆ ನಿಲ್ಲುತ್ತದೆ, ಮೇಲೆ ಬಂದ ನೆಲದ ನೀರು ಇಟ್ಟಿಗೆಯ ಛೇಂಬರುಗಳಿಗೆ ಜಿನುಗುತ್ತದೆ. ಪಂಪ್‌ಹೌಸಿನ ಮೋಟರ್ ಇಷ್ಟನ್ನು ಎತ್ತಲಾರದು. ಆಗ ಎಲ್ಲರಿಗಿಂತ ತಗ್ಗಿನಲ್ಲಿರುವ ಬಚ್ಚಲಿನಲ್ಲಿ ಉಕ್ಕುತ್ತದೆ, ಅದು ನಿಮ್ಮದು.

ಜೋರು ಒತ್ತಡದ ನೀರು ಹಾಯಿಸುವ ಜೆಟ್ಟಿಂಗ್ ಮಷಿನ್ ತರಿಸಿ ತೊಳೆಸುವುದರಿಂದ ಕಟ್ಟಿಕೊಂಡ ಕೊಬ್ಬು, ಬಟ್ಟೆ, ಪ್ಯಾಡ್ ಹೋಗುತ್ತದೆ, ಮಳೆ ನೀರು ನಿಲ್ಲುವುದಿಲ್ಲ. ಮಳೆ ನಿಂತು ಕೆಲವು ಗಂಟೆಯಲ್ಲಿ ತಾನೇ ಇಳಿದರೆ ಕಾರಣ ಮಳೆ ನೀರು. ಬಿಸಿಲಿನ ದಿನವೂ ಉಕ್ಕಿದರೆ ಎಲ್ಲೋ ಕಟ್ಟಿದೆ. ಪಕ್ಕದ ಎರಡು ಮ್ಯಾನ್‌ಹೋಲ್‌ಗಳನ್ನು ನಗರಸಭೆ ಸಿಬ್ಬಂದಿಯಿಂದ ತೆರೆಸಿ ನೋಡಿಸಿ, ತುಂಬಿರುವುದಕ್ಕೂ ಖಾಲಿಯಿರುವುದಕ್ಕೂ ನಡುವೆ ಅಡ್ಡಿ ಇರುತ್ತದೆ. ಮುಚ್ಚಳ ತೆಗೆಯುವುದು ಸಿಬ್ಬಂದಿಯ ಕೆಲಸ, ನೀವು ತೆಗೆಯಬೇಡಿ. ಯಾರನ್ನೂ ಕೆಳಗಿಳಿಸಬೇಡಿ. ವಿಷಗಾಳಿಗೆ ಒಂದೇ ಉಸಿರು ಸಾಕು, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಇಳಿಸಿದವರ ಮೇಲೆ ಕ್ರಿಮಿನಲ್ ಪ್ರಕರಣವೂ ಆಗುತ್ತದೆ.

ನಿಮ್ಮ ಮಟ್ಟಿಗೆ ತಕ್ಷಣದ ರಕ್ಷಣೆ ಬೇಕಿದ್ದರೆ, ಮನೆಯ ಕೊನೆಯ ಛೇಂಬರಿನಿಂದ ರಸ್ತೆಗೆ ಹೋಗುವ 110 ಎಂಎಂ ಪೈಪಿಗೆ ಒಂದು ನಾನ್-ರಿಟರ್ನ್ ಫ್ಲ್ಯಾಪ್ (ನೀರನ್ನು ಹೊರಗೆ ಬಿಟ್ಟು, ವಾಪಸ್ ಬಂದರೆ ಮುಚ್ಚಿಕೊಳ್ಳುವ ಬಾಗಿಲು) ಹಾಕಿಸಿ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಅದರ ರಬ್ಬರ್ ತೊಳೆಸಬೇಕು, ಇಲ್ಲದಿದ್ದರೆ ಕೂದಲು ಸಿಕ್ಕಿ ತೆರೆದೇ ಇರುತ್ತದೆ. ಅದು ಮುಚ್ಚಿಕೊಂಡಿರುವಷ್ಟು ಹೊತ್ತು ನಿಮ್ಮ ನೀರೂ ಹೊರಗೆ ಹೋಗುವುದಿಲ್ಲ, ಬಟ್ಟೆ ಒಗೆಯುವುದು ಮಳೆ ಬಿಟ್ಟ ಮೇಲೆ.

ದೂರು ಕೊಡುವಾಗ 'ನೀರು ಸರಿಯಿಲ್ಲ' ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ದಿನಾಂಕ, ನೀರು ಬಿಟ್ಟ ಹೊತ್ತು, ಎಷ್ಟು ನಿಮಿಷ ಕೆಂಪಗಿತ್ತು, ವಾಸನೆ ಇತ್ತೇ, ಬರೆಯಿರಿ. ಎಲ್ಲಕ್ಕಿಂತ ಮುಖ್ಯ, ಎಡಬಲದ ಮನೆಗಳಲ್ಲೂ ಹಾಗೇ ಇತ್ತೇ ಎಂಬುದು. ನಿಮ್ಮಲ್ಲಿ ಮಾತ್ರವಾದರೆ ನಿಮ್ಮ ಅರ್ಧ ಇಂಚಿನ ಪೈಪ್, ಓಣಿಗೆಲ್ಲ ಆದರೆ ಮುಖ್ಯ ಪೈಪ್. ನೀರು ಸರಬರಾಜು ವಿಭಾಗದ ಕಿರಿಯ ಎಂಜಿನಿಯರ್‌ಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ನೀರಿನ ಬಿಲ್ಲಿನ ನಂಬರ್ ಮೇಲೇ ಇರಲಿ. ವಾಸನೆ ಇದ್ದರೆ ಅದರ ಪ್ರತಿಯನ್ನು ಆರೋಗ್ಯ ನಿರೀಕ್ಷಕರಿಗೂ ಕೊಡಿ, ನೀರಿನ ಮಾದರಿ ತೆಗೆದು ಪರೀಕ್ಷೆಗೆ ಕಳಿಸಲು ಕೇಳಿ. ಮಾದರಿಯನ್ನು ನೀರು ಬಿಟ್ಟ ಮೊದಲ ಐದು ನಿಮಿಷದಲ್ಲೇ ಹಿಡಿಯಬೇಕು. ತಿಳಿಯಾದ ಮೇಲೆ ಹಿಡಿದರೆ ವರದಿ ಚೆನ್ನಾಗಿಯೇ ಬರುತ್ತದೆ.