ಮನೆಯೊಳಗಿಂದಲೇ ಕಾರು ಸ್ಟಾರ್ಟ್ ಮಾಡುವ ರಿಮೋಟ್ ಸ್ಟಾರ್ಟರ್ ಒತ್ತಿದರೆ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬೈಪಾಸ್ ಮಾಡ್ಯೂಲ್ ಬದಲಾಯಿಸಲಾ, ಇಡೀ ಕಿಟ್ ಬದಲಾಯಿಸಲಾ?

ಎರಡೂ ಬೇಡ. ಸದ್ಯಕ್ಕೆ ದುಡ್ಡು ಜೇಬಿನಲ್ಲೇ ಇರಲಿ.

ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ರಿಮೋಟಿನಲ್ಲಿ ಮಾತ್ರ ಆಗುವುದಿಲ್ಲ, ಅಕ್ಟೋಬರಿನಲ್ಲಿ ಆಗೊಮ್ಮೆ ಈಗೊಮ್ಮೆ ಹಿಡಿಯುತ್ತಿತ್ತು, ಎಡ್ಮಂಟನ್ನಿನ ಚಳಿ ಶುರುವಾದ ಮೇಲೆ ಅದೂ ಇಲ್ಲ ಎಂದು ಬರೆದಿದ್ದೀರಿ. ಇದು ನನ್ನದೇ ಕಥೆ ಕಣ್ರೀ. ಊರು ಮಾತ್ರ ಬೇರೆ. ನನ್ನದು ವಿನ್ನಿಪೆಗ್.

ಕೆನಡಾಕ್ಕೆ ಬಂದ ಎರಡನೇ ವರ್ಷ. ದಾವಣಗೆರೆ ಬಿಸಿಲಲ್ಲಿ ಬೆಳೆದವನು ನಾನು. ಬೆಳಗ್ಗೆ ಆರಕ್ಕೆ ಮೈನಸ್ 30ರಲ್ಲಿ ಕಾರಿನ ಸೀಟಿನ ಮೇಲೆ ಕೂತರೆ ಕಲ್ಲಿನ ಮೇಲೆ ಕೂತ ಹಾಗೆ. ಸೆಕೆಂಡ್ ಹ್ಯಾಂಡ್ ಕಾರು, 2003ರ ಮಾಡೆಲ್, ಆಟೊಮ್ಯಾಟಿಕ್. ರಿಮೋಟ್ ಸ್ಟಾರ್ಟರ್ ಕೂರಿಸಲು ಅಂಗಡಿಯವರು ಕೇಳಿದ್ದು 350 ಡಾಲರ್. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನು, ಹತ್ತು ವೈರು ಸೇರಿಸೋಕೆ ಇಷ್ಟಾ ಅಂತ ನಗು ಬಂತು. 120 ಡಾಲರಿನ ಕಿಟ್ ತರಿಸಿದೆ. ಕೀಲಿಯಲ್ಲಿ ಚಿಪ್ ಇರುವ ಕಾರಾದ್ದರಿಂದ, ಆ ಚಿಪ್ ಸಿಗದಿದ್ದರೆ ಎಂಜಿನ್ ಓಡಲು ಬಿಡದ ಇಮೊಬಿಲೈಸರ್ ದಾಟಿಸಲು 70 ಡಾಲರಿನ ಬೈಪಾಸ್ ಮಾಡ್ಯೂಲ್ ಬೇರೆ.

ಸೆಪ್ಟೆಂಬರಿನ ಒಂದು ಭಾನುವಾರ ಸ್ಟೀರಿಂಗ್ ಕೆಳಗೆ ತಲೆ ತೂರಿಸಿ ಮಲಗಿದೆ. ನೆಟ್ಟಿನಲ್ಲಿ ಸಿಕ್ಕ ವೈರ್ ಬಣ್ಣಗಳ ಪಟ್ಟಿಯನ್ನು ಪ್ರಿಂಟ್ ಹಾಕಿಸಿಕೊಂಡಿದ್ದೆ. ಸಂಜೆ ಹೊತ್ತಿಗೆ ಎಲ್ಲ ಮುಗಿಯಿತು. ಒತ್ತಿದೆ. ಸೆಲ್ಫ್ ಹೊಡೆಯಿತು, ನಿಂತಿತು, ನಿಲ್ಲುತ್ತಿದ್ದ ಹಾಗೆ ಎಂಜಿನ್ ಹಿಡಿದುಕೊಂಡಿತು. ಮನೆಯವಳನ್ನು ಕರೆದು ತೋರಿಸಿದೆ. ಅವಳೆದುರು ಹಿಡಿಯಲಿಲ್ಲ ಅನ್ನುವುದು ಬೇರೆ ಮಾತು.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೆ ನಿಮಗೆ ಬೇಕಾದದ್ದು ಇಷ್ಟೇ.

ಕೀಲಿ ತೂರಿಸುವ ಜಾಗದಿಂದ ಹೊರಡುವ ದಪ್ಪ ವೈರುಗಳಲ್ಲಿ ಮೂರು ಮುಖ್ಯ. ಆಕ್ಸೆಸರಿ ವೈರು ರೇಡಿಯೊ, ಫ್ಯಾನಿನಂಥವಕ್ಕೆ. ಇಗ್ನಿಷನ್ ವೈರು ಎಂಜಿನ್ ಕಂಪ್ಯೂಟರು, ಸ್ಪಾರ್ಕಿಗೆ. ಮೂರನೆಯದು ಸೆಲ್ಫ್‌ಗೆ. ಕೀಲಿಯನ್ನು 'ಆನ್'ಗೆ ತಿರುಗಿಸಿ ವೋಲ್ಟ್ ಅಳೆಯುವ ಮೀಟರ್ ಹಿಡಿದರೆ ಆಕ್ಸೆಸರಿಯಲ್ಲೂ 12 ವೋಲ್ಟ್, ಇಗ್ನಿಷನ್‌ನಲ್ಲೂ 12 ವೋಲ್ಟ್. ಎರಡೂ ಅವಳಿ ಮಕ್ಕಳ ಹಾಗೆ. ನಾನು ನೋಡಿದ್ದು ಅಷ್ಟೇ. ಎರಡರಲ್ಲೂ ಕರೆಂಟ್ ಇದೆ, ಬಣ್ಣ ಪಟ್ಟಿಯ ಪ್ರಕಾರ ಇದೆ, ಸೇರಿಸು ಅಂತ ಸೇರಿಸಿಬಿಟ್ಟೆ. ಆ ಪಟ್ಟಿ ಹಿಂದಿನ ಮಾಡೆಲ್‌ದು. ನನ್ನ ವರ್ಷದ ಕಾರಿನಲ್ಲಿ ಅದೇ ಎರಡು ಬಣ್ಣಗಳು ಅದಲು ಬದಲಾಗಿದ್ದವು.

ಅವಳಿಗಳ ವ್ಯತ್ಯಾಸ ಗೊತ್ತಾಗುವುದು ಎರಡೇ ಕಡೆ. ಕೀಲಿಯನ್ನು 'ಆನ್'ಗಿಂತ ಒಂದು ಹೆಜ್ಜೆ ಹಿಂದೆ, 'ಎಸಿಸಿ'ಯಲ್ಲಿ ನಿಲ್ಲಿಸಿದರೆ ಆಕ್ಸೆಸರಿ ವೈರಿನಲ್ಲಿ ಮಾತ್ರ ಕರೆಂಟ್ ಇರುತ್ತದೆ. ಸೆಲ್ಫ್ ಹೊಡೆಯುವಾಗ ಇದು ಉಲ್ಟಾ. ಸೆಲ್ಫ್ ವಿಪರೀತ ಕರೆಂಟ್ ಎಳೆಯುತ್ತದೆ ಅಲ್ವಾ, ಹಾಗಾಗಿ ಆ ಕೆಲವು ಸೆಕೆಂಡು ರೇಡಿಯೊ ಫ್ಯಾನು ಎಲ್ಲ ಬಂದ್. ಆಕ್ಸೆಸರಿ ಸೊನ್ನೆಗೆ ಬೀಳುತ್ತದೆ. ಇಗ್ನಿಷನ್ ಮಾತ್ರ ಬೀಳುವ ಹಾಗಿಲ್ಲ, ಬಿದ್ದರೆ ಸ್ಪಾರ್ಕ್ ಎಲ್ಲಿಂದ ಬರಬೇಕು?

ರಿಮೋಟ್ ಸ್ಟಾರ್ಟರ್ ಪೆಟ್ಟಿಗೆ ಮಾಡುವುದೂ ಇದನ್ನೇ. ಮೊದಲು ಇಗ್ನಿಷನ್, ಆಕ್ಸೆಸರಿ ಎರಡನ್ನೂ ಹೊತ್ತಿಸುತ್ತದೆ. ಆಮೇಲೆ ಆಕ್ಸೆಸರಿ ಕಡಿದು ಸೆಲ್ಫ್ ಹೊಡೆಯುತ್ತದೆ. ನನ್ನ ಕಾರಿನಲ್ಲಿ ಎರಡೂ ಅದಲು ಬದಲು. ಅಂದರೆ ಸೆಲ್ಫ್ ತಿರುಗಲು ಶುರುವಾದ ಕ್ಷಣಕ್ಕೇ ನಾನು ನನ್ನ ಕೈಯಾರೆ ಎಂಜಿನ್ ಕಂಪ್ಯೂಟರಿನ ಕರೆಂಟ್ ತೆಗೆಯುತ್ತಿದ್ದೆ! ಸೆಲ್ಫ್ ನಿಂತ ಮೇಲೆ ಕರೆಂಟ್ ವಾಪಸ್. ಅಷ್ಟರಲ್ಲಿ ಎಂಜಿನ್ ಇನ್ನೂ ಒಂದು ಸುತ್ತು ತಿರುಗುತ್ತಿದ್ದರೆ ಅದೃಷ್ಟಕ್ಕೆ ಹಿಡಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಆಯಿಲ್ ತೆಳ್ಳಗಿತ್ತು, ಹಿಡಿಯುತ್ತಿತ್ತು. ಡಿಸೆಂಬರಿನಲ್ಲಿ ಆಯಿಲ್ ಗಟ್ಟಿ, ಸೆಲ್ಫ್ ಬಿಟ್ಟ ತಕ್ಷಣ ಎಂಜಿನ್ ಅಲ್ಲೇ ನಿಲ್ಲುತ್ತಿತ್ತು. ಚಳಿಯೇ ಕಾರಣ ಎಂದು ನಾನು ನಂಬಿದ್ದೂ ಇದಕ್ಕೇ. ನೀವೂ ಹಾಗೇ ಅಂದುಕೊಂಡಿದ್ದೀರಿ.

ಹೆಚ್ಚಿನ ಕಿಟ್‌ಗಳು ಮೂರು ಸಲ ಸೆಲ್ಫ್ ಹೊಡೆದು ಕೈಬಿಡುತ್ತವೆ. ನಾನು ಮತ್ತೆ ಒತ್ತುತ್ತಿದ್ದೆ, ಮತ್ತೆ ಮೂರು. ಮೈನಸ್ 18ಕ್ಕೇ ಬ್ಯಾಟರಿಯ ಶಕ್ತಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿರುತ್ತದೆ, ನಾನು ಮೈನಸ್ 30ರಲ್ಲಿ ಈ ಆಟ ಆಡುತ್ತಿದ್ದೆ. ಒಂದು ಬೆಳಗ್ಗೆ ಕೀಲಿಗೂ ಟಕ್ ಟಕ್ ಎಂದಷ್ಟೇ ಸದ್ದು ಬಂತು. ಕಾರು ಎಳೆಸಿದ್ದು 90 ಡಾಲರ್, ಹೊಸ ಬ್ಯಾಟರಿ 140, ಅಂಗಡಿಯವರು 'ಬೈಪಾಸ್ ಹೋಗಿದೆ' ಎಂದದ್ದಕ್ಕೆ ಇನ್ನೊಂದು 70. ಉಳಿಸಲು ಹೊರಟಿದ್ದು ಎಷ್ಟು ಅಂತ ಲೆಕ್ಕ ಹಾಕಬೇಡಿ, ನಾನು ಹಾಕಿದ್ದೇನೆ.

ಬೈಪಾಸ್ ಕೆಟ್ಟಿದೆ ಎಂದು ಹೇಳುವವರಿಗೆ ಒಂದು ಮಾತು. ಇಮೊಬಿಲೈಸರ್ ತೊಂದರೆಯ ಲಕ್ಷಣ ಹಲವು ಕಾರುಗಳಲ್ಲಿ ಬೇರೆ ಇರುತ್ತದೆ. ಎಂಜಿನ್ ಹಿಡಿದು, ಒಂದೆರಡು ಸೆಕೆಂಡು ಓಡಿ ಸಾಯುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರದ ದೀಪ ಮಿಟುಕುತ್ತದೆ. ಕೆಲವು ಕಾರುಗಳಲ್ಲಿ ಸೆಲ್ಫೇ ಹೊಡೆಯುವುದಿಲ್ಲ, ಇನ್ನು ಕೆಲವಲ್ಲಿ ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯುವುದಿಲ್ಲ, ಆಗಲೂ ಸಾಮಾನ್ಯವಾಗಿ ಆ ದೀಪ ಮಿಟುಕುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಆ ದೀಪದ ಮಾತೇ ಇಲ್ಲ.

ತಪ್ಪು ಕಂಡುಹಿಡಿದದ್ದು ಡಿಪ್ಲೊಮಾ ಮಾಡಿದ ನಾನಲ್ಲ. ಜನವರಿಯ ಒಂದು ರಾತ್ರಿ ನಾನು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕೆಳಗೆ ಮಲಗಿದ್ದೆ, ಮನೆಯವಳು ಪಕ್ಕದ ಸೀಟಿನಲ್ಲಿ ಕಂಬಳಿ ಹೊದ್ದು ನಾನು ಹೇಳಿದಾಗ ರಿಮೋಟ್ ಒತ್ತುತ್ತಿದ್ದಳು. ರೇಡಿಯೊದಲ್ಲಿ ಐಸ್ ಹಾಕಿ ಪಂದ್ಯದ ಕಾಮೆಂಟರಿ. ನಾಲ್ಕನೇ ಸಲವೋ ಏನೋ, ಅವಳು ಹೇಳಿದಳು: "ರೀ, ಆಗ್ಲೇ ಕೀಲಿ ತಿರುಗಿಸಿದಾಗ ಆ ಮನುಷ್ಯ ಮಾತು ನಿಲ್ಲಿಸಿದ್ದ. ರಿಮೋಟ್ ಒತ್ತಿದರೆ ನಿಲ್ಲಿಸೋದೇ ಇಲ್ಲವಲ್ಲ?"

ಟಾರ್ಚ್ ಬಾಯಿಂದ ಬಿದ್ದು ಮೂಗಿಗೆ ಬಡಿಯಿತು. ಸೆಲ್ಫ್ ಹೊಡೆಯುವಾಗ ರೇಡಿಯೊ ಹಾಡುತ್ತಲೇ ಇದೆ, ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಮಾತ್ರ ಆರುತ್ತಿದೆ. ಮೂರು ತಿಂಗಳಿಂದ ಕಣ್ಣೆದುರೇ ಇತ್ತು.

ಹಾಗಾಗಿ ಮೀಟರ್ ತೆಗೆದುಕೊಳ್ಳಿ. ಡಿಸಿ 20 ವೋಲ್ಟಿಗೆ ಇಡಿ. ಕಪ್ಪು ಮೊನೆ ಕಾರಿನ ಬಾಡಿಯಲ್ಲಿ ಬಣ್ಣ ಇಲ್ಲದ ಬರಿ ಲೋಹಕ್ಕೆ, ಕೆಂಪು ಮೊನೆ ವೈರಿಗೆ. ರಿಮೋಟ್ ಮುಟ್ಟಬೇಡಿ, ಕೀಲಿಯಿಂದಲೇ ಎಸಿಸಿ, ಆನ್, ಸೆಲ್ಫ್ ಮೂರರಲ್ಲೂ ನೋಡಿ ಬರೆದುಕೊಳ್ಳಿ. ಸೆಲ್ಫ್ ಹೊಡೆಯುವಾಗ ಇಗ್ನಿಷನ್ ವೈರು 12 ತೋರಿಸುವುದಿಲ್ಲ, 10ರ ಆಸುಪಾಸಿಗೆ ಇಳಿಯುತ್ತದೆ. ಗಾಬರಿಯಾಗಬೇಡಿ, ಸೊನ್ನೆ ಆಗಬಾರದು ಅಷ್ಟೇ. ಬಹಳಷ್ಟು ಕಿಟ್‌ಗಳಲ್ಲಿ ಗುಲಾಬಿ ವೈರು ಇಗ್ನಿಷನ್‌ಗೆ, ಕಿತ್ತಳೆ ಆಕ್ಸೆಸರಿಗೆ, ನೇರಳೆ ಸೆಲ್ಫ್‌ಗೆ. ಆದರೂ ನಿಮ್ಮ ಕಿಟ್‌ನ ಹಾಳೆ ನೋಡಿಯೇ ಸೇರಿಸಿ. ಕೆಲವು ಕಾರುಗಳಲ್ಲಿ ಇಗ್ನಿಷನ್ ವೈರು ಎರಡಿರುತ್ತವೆ, ಒಂದನ್ನು ಬಿಟ್ಟರೂ ಇದೇ ಗೋಳು. ಹಳದಿ ಕವಚದ ವೈರುಗಳ ಹತ್ತಿರ ಮಾತ್ರ ಕೈ ಹಾಕಬೇಡಿ, ಅದು ಏರ್‌ಬ್ಯಾಗಿನದು. ಬಲ್ಬ್ ಹಾಕಿದ ಹಳೇ ಟೆಸ್ಟರೂ ಬೇಡ.

ವೈರು ಸರಿ ಮಾಡುವಾಗ ಬ್ಯಾಟರಿ ಬಿಚ್ಚಿ, ಬೆಸುಗೆ ಹಾಕಿ ಟೇಪು ಸುತ್ತಿ. ಅಮುಕಿದರೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಈ ದಪ್ಪ ವೈರುಗಳಿಗೆ ಹಾಕಿದ್ದರೆ ಕಿತ್ತು ಬಿಸಾಕಿ. ಅಷ್ಟು ಕರೆಂಟ್ ಅವು ತಡೆಯುವುದಿಲ್ಲ. ಬಾನೆಟ್ ಸ್ವಿಚ್ ಕಡಿದು ಹಾಕಿ ನೋಡಲಾ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬೇಡವೇ ಬೇಡ. ಬಾನೆಟ್ ಎತ್ತಿ ಯಾರೋ ಕೈ ಒಳಗಿಟ್ಟಾಗ ಎಂಜಿನ್ ತಾನಾಗಿ ಶುರುವಾಗಬಾರದು ಅಂತ ಇರುವುದು ಅದು. ಅದು ಅಡ್ಡ ಬರುತ್ತಿದ್ದರೆ ರಿಮೋಟಿಗೆ ಸೆಲ್ಫೇ ಹೊಡೆಯುತ್ತಿರಲಿಲ್ಲ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಊರಿನ ಚಳಿಗೆ ಮೊದಲು ಬೇಕಾದದ್ದು ಎಂಜಿನ್ನನ್ನು ಕರೆಂಟಿನಿಂದ ಬೆಚ್ಚಗಿಡುವ ಬ್ಲಾಕ್ ಹೀಟರ್, ರಿಮೋಟ್ ಆಮೇಲೆ. ರಾತ್ರಿ ಪ್ಲಗ್ಗಿಗೆ ಸಿಕ್ಕಿಸಿದ ಎಂಜಿನ್ ಬೆಳಗ್ಗೆ ಬ್ಯಾಟರಿಯನ್ನು ಅಷ್ಟು ಕಾಡುವುದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ರಿಮೋಟ್ ಒತ್ತಲೇಬೇಡಿ, ಹೊಗೆ ಮನೆಯೊಳಗೆ ಬರುತ್ತದೆ, ಜೀವಕ್ಕೇ ಅಪಾಯ.

ಮೀಟರ್ ಇಲ್ಲದಿದ್ದರೆ ಇವತ್ತು ರಾತ್ರಿ ಇಷ್ಟು ಮಾಡಿ. ರೇಡಿಯೊ ಜೋರಾಗಿ ಹಾಕಿ. ಒಂದು ಸಲ ಕೀಲಿಯಿಂದ, ಒಂದು ಸಲ ರಿಮೋಟಿನಿಂದ ಸೆಲ್ಫ್ ಹೊಡೆಸಿ. ಯಾವಾಗ ಸದ್ದು ನಿಂತಿತು, ಯಾವಾಗ ನಿಲ್ಲಲಿಲ್ಲ ಎಂದು ಕೆಳಗೆ ಬರೆಯಿರಿ. ನಾನು ನೋಡುತ್ತಿರುತ್ತೇನೆ.