7700ಕೆ ಬಿಟ್ಟು ಐ3-12100ಎಫ್ ಹಾಕಿದರೆ ನಷ್ಟವೇ?

ವಿಂಡೋಸ್ 11 ಇನ್‌ಸ್ಟಾಲ್ ಆಗದಿರುವುದಕ್ಕೆ ನಿಮ್ಮ ಹಳೆಯ ಇಂಟೆಲ್ ಪ್ರೊಸೆಸರ್ ಐ7-7700ಕೆಯೇ ಕಾರಣ. ಮೈಕ್ರೋಸಾಫ್ಟ್ ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಅದಿಲ್ಲ. ಐ3 ಅಂತ ಹಗುರವಾಗಿ ನೋಡಬೇಡಿ: ಎರಡರಲ್ಲೂ 4 ಕೋರ್, 8 ಥ್ರೆಡ್, ಆದರೆ ಐ3-12100ಎಫ್‌ನ 2022ರ ಕೋರ್ ಅಷ್ಟೇ ಗಿಗಾಹರ್ಟ್ಸ್‌ನಲ್ಲಿ ಹೆಚ್ಚು ಕೆಲಸ ತೆಗೆಯುತ್ತದೆ. ಗೇಮ್‌ನಲ್ಲಿ ಎಷ್ಟು ಗೊತ್ತಾಗುತ್ತದೆ ಎನ್ನುವುದು ಗ್ರಾಫಿಕ್ಸ್ ಕಾರ್ಡ್ ಮೇಲೆ. ಅದು ಹಳೆಯದಾದರೆ ಹೆಚ್ಚೇನೂ ಕಾಣದು.

ಮೊದಲು ಬ್ಯಾಕಪ್ ತೆಗೆದು, ಡಿಸ್ಕ್ ವಿಭಜನೆ ಹಳೆಯ ಎಂಬಿಆರ್ ವಿಧಾನದಲ್ಲಿದ್ದರೆ ಹೊಸ ಜಿಪಿಟಿ ವಿಧಾನಕ್ಕೆ ಬದಲಿಸಿ. ಇಲ್ಲವಾದರೆ ಐ3ಗೆ ಬೇಕಾಗುವ ಹೊಸ ಮದರ್‌ಬೋರ್ಡ್‌ನಲ್ಲಿ ಬೂಟ್ ಆಗದಿರಬಹುದು. ಆಮೇಲೆ ಮುಂಬೈನ ಕಂಪ್ಯೂಟರ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಎಚ್610 ಬೋರ್ಡ್ ಕೇಳುವಾಗ ‘ಡಿಡಿಆರ್4 ವಾಲಾ’ ಅಂತ ಒತ್ತಿ ಹೇಳಿ. ಡಿಡಿಆರ್5 ಬೋರ್ಡ್ ಕೈಗಿಟ್ಟರೆ ನಿಮ್ಮ ಡಿಡಿಆರ್4 ರ‍್ಯಾಮ್ ದಂಡ. ಹಳೆಯ ಕೂಲರ್‌ನ ತೂತುಗಳ ಅಂತರ 75 ಮಿ.ಮೀ., ಹೊಸ ಬೋರ್ಡಿಗೆ 78 ಬೇಕು. ಹಾಗಾಗಿ ಐ3ಯ ಬಿಡಿ ಪೀಸ್ ಬೇಡ, ಕೂಲರ್ ಇರುವ ಡಬ್ಬಿಯದ್ದೇ ತಗೊಳ್ಳಿ. ಮಾನಿಟರ್ ಕೇಬಲ್ ಕಾರ್ಡಿಗೇ ಚುಚ್ಚಿ. ಎಫ್ ಮಾದರಿಯಲ್ಲಿ ಗ್ರಾಫಿಕ್ಸ್ ಇಲ್ಲ, ಬೋರ್ಡ್‌ನ ಎಚ್‌ಡಿಎಂಐ ಕೆಲಸ ಮಾಡುವುದಿಲ್ಲ.